ಐತವಾರದ ಅರ್ಧ ಸಿನಿಮಾ

ಮೂಡಲಗಿಯ ಭಾಂಡೆ ಅಂಗಡಿಯ ಜಯಪಾಲ, ಸೋಮವಾರ ಮುಂಜಾನೆ ಹನ್ನೊಂದಕ್ಕೆ ತನ್ನ ಮನೆ ಹೇಗಿರುತ್ತದೆ ಎಂಬುದನ್ನು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ನೋಡಿದ. ನೋಡಬೇಕೆಂಬ ಹಂಬಲವೇನೂ ಅವನಿಗಿರಲಿಲ್ಲ. ಅಂಗಡಿಯ ಅಟ್ಟದಿಂದ ತಾಮ್ರದ ಹಂಡೆ ಇಳಿಸಲು ಹೋಗಿ, ಹಂಡೆಯನ್ನು ಉಳಿಸಿ ತಾನು ಬಿದ್ದಿದ್ದ. ಗೋಕಾಕದ ಮೂಳೆ ಡಾಕ್ಟರು ಬಲಗಾಲಿಗೆ ಪ್ಲಾಸ್ಟರ್ ಹಾಕಿ, "ಆರು ವಾರ ಈ ಕಾಲು ನೆಲಕ್ಕ ಊರಬ್ಯಾಡ್ರಿ" ಎಂದು ಕಳಿಸಿದ್ದರು. ಮಾತಾಡಿಸಲು ಬಂದವರಿಗೆಲ್ಲ ಜಯಪಾಲ, ಹಂಡೆಗೆ ಒಂದು ಗೀರೂ ಬಿದ್ದಿಲ್ಲ ಎಂಬುದನ್ನು ತಪ್ಪದೆ ಹೇಳುತ್ತಿದ್ದ. ಪುಣ್ಯಾತ್ಮನಿಗೆ ಅದೊಂದು ಸಮಾಧಾನ.

ಅದು ತೊಂಬತ್ತಾರನೆಯ ಇಸವಿ. ದೀಪಾವಳಿ ಹತ್ತಿರ ಬಂದಿತ್ತು, ಅದರ ಬೆನ್ನಿಗೇ ಲಗ್ನಸರಾಯಿ. ತಾಟು, ತಂಬಿಗೆ, ಕೊಡ ಮಾರುವವನು ವರ್ಷದಲ್ಲಿ ಕಣ್ಣುಬಿಟ್ಟು ಕೂರಬೇಕಾದ ಕಾಲವೇ ಅದು. ಅಂಗಡಿ ಮುಚ್ಚುವಂತಿರಲಿಲ್ಲ.

"ನಾ ಕುಂದರ್ತೇನಿ" ಎಂದಳು ಹೆಂಡತಿ ತ್ರಿಶಲಾ.

"ನಮ್ಮ ಮನ್ಯಾಗ ಹೆಣ್ಣಮಕ್ಕಳು ಅಂಗಡಿ ಗಾದಿ ಮ್ಯಾಲ ಕುಂತಿಲ್ಲ" ಎಂದಳು ತಾಯಿ ಜಿನ್ನವ್ವ.

"ಹಂಗಾರ ಯಾರು ಕುಂದರ್ಬೇಕ್ರಿ ಅತ್ತಿ? ಇವರಿಗೆ ಕಾಲಿಲ್ಲ, ನಿಮಗ ವಯಸ್ಸಾಗೇತಿ, ನಮ್ಮ ಜಿನದತ್ತ ಇನ್ನೂ ಮೂರನೇತ್ತಾ ಓದೂ ಹುಡುಗ."

ಕೊಂಕಿನಿಂದ ಆಡಿದ ಮಾತಲ್ಲ, ಆಕೆ ಖರೆಯಾಗಿಯೇ ಕೇಳಿದ್ದಳು. ಜಿನ್ನವ್ವ ಉತ್ತರ ಹುಡುಕುವಷ್ಟರಲ್ಲಿ ತ್ರಿಶಲಾ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಬಿಟ್ಟಳು. ಮದುವೆಯಾಗಿ ಕೊಣ್ಣೂರಿನಿಂದ ಬಂದು ಹದಿಮೂರು ವರ್ಷವಾಗಿತ್ತು. ಆ ಅಂಗಡಿಯೊಳಗೆ ಆಕೆ ಕಾಲಿಟ್ಟದ್ದು ಪೂಜೆಯ ದಿನಗಳಲ್ಲಿ ಮಾತ್ರ.

ಮೊದಲ ಮೂರು ದಿನ ಜಯಪಾಲ ಪಡಸಾಲೆಯ ಮಂಚದ ಮೇಲೆ ಕುಳಿತು ತನ್ನ ಮನೆಯನ್ನೇ ನೆಂಟರ ಮನೆಯೆಂಬಂತೆ ನೋಡುತ್ತಿದ್ದ. ಹನ್ನೊಂದಕ್ಕೆ ನಳಕ್ಕೆ ನೀರು ಬರುತ್ತಿತ್ತು, ನಲವತ್ತು ನಿಮಿಷಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಇಡೀ ದಿನದ ನೀರು ತುಂಬಿರಬೇಕು. ಇದು ಅವನಿಗೆ ಗೊತ್ತೇ ಇರಲಿಲ್ಲ. ಕೊಡಕ್ಕೆ ಎಷ್ಟು ನೀರು ಹಿಡಿಯುತ್ತದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದ, ಮನೆಗೆ ಎಷ್ಟು ಕೊಡ ಬೇಕೆಂದು ಕೇಳಿದ್ದರೆ ಕಣ್ಣು ಕಣ್ಣು ಬಿಡುತ್ತಿದ್ದ. ತಾಯಿ ದಿನಕ್ಕೆ ಎಷ್ಟು ಸಲ "ತ್ರಿಶಲಾ" ಎಂದು ಕೂಗುತ್ತಾಳೆಂದು ಎಣಿಸತೊಡಗಿದ. ಸೊಸೆ ಮನೆಯಲ್ಲಿಲ್ಲ ಎಂಬುದು ಮುದುಕಿಗೆ ಮರೆತುಹೋಗುತ್ತಿತ್ತು. ಒಂದು ಮಧ್ಯಾಹ್ನಕ್ಕೇ ಇಪ್ಪತ್ತೆರಡು ಸಲ.

ಆ ಮನೆಯ ಗಡಿಯಾರದಲ್ಲಿ ಮುಖ್ಯವಾದದ್ದು ಒಂದೇ ಹೊತ್ತು, ಸೂರ್ಯ ಮುಳುಗುವ ಹೊತ್ತು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ಜಿನ್ನವ್ವ ಇಪ್ಪತ್ತು ವರ್ಷದ ಹಿಂದೆ ಜೈನ ಮುನಿಗಳ ಮುಂದೆ ನೇಮ ಹಿಡಿದಿದ್ದಳು. ಸೊಸೆಯಾಗಿ ಬಂದ ವರ್ಷವೇ ತ್ರಿಶಲಾ ಕೂಡ ಹಿಡಿದಳು. ಜಯಪಾಲನಿಗೆ ನೇಮವಿರಲಿಲ್ಲ, ಆದರೆ ಅವನೂ ಎಂದೂ ಕತ್ತಲಲ್ಲಿ ಉಂಡವನಲ್ಲ. ಏಕೆಂದರೆ ಸಂಜೆ ಐದೂವರೆಗೆ ಮಗಳು ಭಕ್ತಿಯ ಕೈಯಲ್ಲಿ ಬಿಸಿ ಡಬ್ಬಿ ಅಂಗಡಿಗೆ ಬಂದುಬಿಡುತ್ತಿತ್ತು. ಆ ಡಬ್ಬಿ ಹೇಗೆ ಬರುತ್ತದೆ ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ತಿಳಿಯಿತು. ಮುಂಜಾನೆಯ ಅಡುಗೆ ಮುಗಿಸಿ ತ್ರಿಶಲಾ ಅಂಗಡಿಗೆ ಹೋಗುತ್ತಿದ್ದಳು, ಸಂಜೆಯದಕ್ಕೆ ಜಿನ್ನವ್ವ. ಮೂರು ದಿನ ರೊಟ್ಟಿ ಬಡಿದ ಮೇಲೆ ಮುದುಕಿಯ ಹೆಗಲು ಹಿಡಿದುಕೊಂಡಿತು. ಹನ್ನೆರಡು ವರ್ಷದ ಭಕ್ತಿ ಸಾಲೆಯಿಂದ ಬರುವುದೇ ಐದಕ್ಕೆ. ಉಳಿದವನು ಒಬ್ಬನೇ.

"ಕುರ್ಚಿ ಒಳಗ ಇಡ್ರಿ" ಎಂದ ಜಯಪಾಲ.

"ಎಲ್ಲಿ ಒಳಗ?"

"ಅಡಿಗಿ ಮನ್ಯಾಗ, ಯವ್ವಾ. ನೀ ಹೇಳ್ಕೋತ ಹೋಗು, ನಾ ಮಾಡ್ಕೋತ ಹೋಗ್ತೇನಿ."

"ಮಂದಿ ಏನಂದಾರು?"

"ಮಂದಿ ಅಡಿಗಿ ಮನಿಗೆ ಬರೂದಿಲ್ಲ."

ಅವನು ಸಾವಿರ ಪರಾತ ಮಾರಿರಬಹುದು, ಒಂದರಲ್ಲೂ ಹಿಟ್ಟು ನಾದಿದವನಲ್ಲ. ಬಿಸಿ ನೀರು ಸುರಿದು ಕೈ ಹಾಕಿದ ಕೂಡಲೇ ಹಿಂತೆಗೆದುಕೊಂಡ. ಜಿನ್ನವ್ವ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕಳು. ಮೊದಲ ರೊಟ್ಟಿ ಹಂಚಿನ ಮೇಲೆ ಬೀಳುವ ಮುಂಚೆಯೇ ಮೂರು ತುಂಡಾಯಿತು.

"ಅಪ್ಪಾ, ಇದರಾಗ ನಂದ್ಯಾವುದು?" ಎಂದು ಜಿನದತ್ತ ಕೇಳಿದ.

"ಯಾವುದು ಕಂಡೀತೋ ಅದು. ಸುಮ್ಮ ತಿನ್ನು."

ಎರಡನೆಯ ವಾರಕ್ಕೆ ರೊಟ್ಟಿ ತುಂಡಾಗುವುದು ನಿಂತಿತ್ತು. ಹೆಸರುಕಾಳಿನ ಪಲ್ಯವನ್ನಂತೂ ಚೆನ್ನಾಗಿಯೇ ಮಾಡುತ್ತಿದ್ದ. ಮುದುಕಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಆಗದು. ಇವು ಮೂರೂ ಇಲ್ಲದೆ ಪಲ್ಯಕ್ಕೆ ರುಚಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹಿಡಿದುಕೊಂಡು ಒಂದಿಡೀ ಸಂಜೆ ಕಳೆದ. ಇಂಗು, ಶೇಂಗಾಪುಡಿ, ಕಡೆಗೊಂದು ಚೂರು ಬೆಲ್ಲ ಎಂದು ಭಕ್ತಿ ಹೇಳಿಕೊಟ್ಟಳು. "ಅವ್ವ ಹಂಗ ಮಾಡ್ತಾಳ" ಎಂಬುದು ಆಕೆಯ ಮಾತಿನ ಕೊನೆಗೆ ಯಾವಾಗಲೂ ಇರುತ್ತಿತ್ತು.

ಅಂಗಡಿಯಲ್ಲಿ ಆಗುತ್ತಿದ್ದುದೇ ಬೇರೆ. ಕೊಳ್ಳಲು ಬರುವವರೆಲ್ಲ ಹೆಂಗಸರು. ಹದಿನೆಂಟು ವರ್ಷ ಜಯಪಾಲ ಅವರಿಗೆ ತೂಕ ಹೇಳಿದ್ದ, ದರ ಹೇಳಿದ್ದ. ತ್ರಿಶಲಾ ಬೇರೆಯದನ್ನೇ ಹೇಳುತ್ತಿದ್ದಳು.

"ಆ ಹೊಳಿಯೂ ಪಾತೇಲಿ ಇನ್ನ ತರಿಸಬ್ಯಾಡ್ರಿ" ಎಂದಳು ಒಂದು ಸಂಜೆ, ತಾಟಿನ ಮುಂದೆ ಕುಳಿತು. "ತಳ ತೆಳ್ಳಗೈತಿ. ಹಾಲು ಹಿಡೀತೈತಿ."

"ಹತ್ತು ವರ್ಷದಿಂದ ಅದನ್ನ ಮಾರಾಕತ್ತೇನಿ. ಯಾರೂ ಏನೂ ಅಂದಿಲ್ಲ."

"ನಿಮ್ಮ ಮುಂದ ಯಾಕ ಅಂದಾರು? ನಮ್ಮ ಮನ್ಯಾಗೂ ಅದ ಐತಿ. ಹತ್ತು ವರ್ಷದಿಂದ ತಳ ಕೆರಿಯಾಕತ್ತೇನಿ, ನಾ ಅಂದೇನೇನು?"

ಜಯಪಾಲ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಆಕೆ ಅದೇ ಉಸಿರಿನಲ್ಲಿ ಮುಂದುವರಿದಳು: "ಇನ್ನೊಂದು ಮಾತು. ನಿಮ್ಮ ಕಾಲು ನೆಟ್ಟಗಾದ ಮ್ಯಾಲೂ ನಾ ಅಂಗಡಿಗೆ ಹೋಗ್ತೇನ್ರಿ. ದಿನಾ."

"ಪ್ಲಾಸ್ಟರ್ ಬಿಚ್ಚಿದ ದಿನ ಎಲ್ಲಾ ಮೊದಲಿನಂಗ" ಎಂದಳು ಜಿನ್ನವ್ವ. "ಹೊತ್ತಿಗೆ ಸರಿಯಾಗಿ ಊಟ ಆಗೂ ಮನಿ ಇದು. ಅಡಿಗಿ ಮನಿ ಬಿಟ್ಟು ಹೆಣ್ಣಮಕ್ಕಳು ಬಜಾರದಾಗ ಕುಂತ್ರ ಹೊತ್ತು ಯಾರು ನೋಡೂರು?"

ತ್ರಿಶಲಾ ಗಂಡನ ಕಡೆ ನೋಡಿದಳು. "ನೀವೇನಂತೀರಿ?"

"ನೋಡೂಣು."

"ನೋಡೂಣು ಅಂದ್ರ ಹೂಂನೊ, ಊಹೂಂನೊ?"

"ನೋಡೂಣು ಅಂದ್ರ ನೋಡೂಣು" ಎಂದು ಜಯಪಾಲ ತಲೆ ತಗ್ಗಿಸಿ ಉಣ್ಣತೊಡಗಿದ. ಗಂಡಸರ ಈ ನೋಡೂಣಿಗೆ ಎಷ್ಟು ಆಯಸ್ಸೆಂದು ತ್ರಿಶಲಾಗೆ ಗೊತ್ತಿತ್ತು. ಆಕೆ ಸಿಟ್ಟಿನಿಂದ ತಾಟು ಎತ್ತಿಕೊಂಡು ಎದ್ದಳು.

ಮಾರನೆಯ ದಿನ ಹಿಟ್ಟಿನ ಡಬ್ಬಿಯ ಹಿಂದೆ ಅವನಿಗೊಂದು ಪುಸ್ತಕ ಸಿಕ್ಕಿತು. ವಾಚನಾಲಯದ ಕಾದಂಬರಿ, ನಡುವೆ ಬಸ್ಸಿನ ಟಿಕೀಟು. ಅಂದರೆ ಹಿಟ್ಟು ನೆನೆಯುವ ಹೊತ್ತಿನಲ್ಲಿ ಈಕೆ ಇಲ್ಲಿ ನಿಂತು ಓದುತ್ತಿದ್ದಳು. ಎಷ್ಟು ವರ್ಷದಿಂದ? ಟಿಕೀಟಿದ್ದ ಪುಟದಿಂದಲೇ ಅವನೂ ಓದಲು ಹಿಡಿದ. ಮೂರು ಸಲ ನಿಶ್ಚಯವಾಗಿ ಮೂರು ಸಲವೂ ಮುರಿದ ಮದುವೆಯ ಹುಡುಗಿಯ ಕಥೆ. ಓದುತ್ತಾ ಒಮ್ಮೆ "ಅಯ್ಯೋ ಪಾಪ" ಎಂದ.

"ಯಾರಿಗೇನಾತೋ?" ಎಂದಳು ಜೋಳ ಹಸನು ಮಾಡುತ್ತಿದ್ದ ಜಿನ್ನವ್ವ.

ಅವನು ಗಟ್ಟಿಯಾಗಿ ಓದಿದ. ಪುಸ್ತಕ ಹಿಡಿದುಕೊಂಡು ಕೂತರೆ ಮನೆ ನಡೆಯುತ್ತದೆಯೇ ಎಂದು ಹದಿಮೂರು ವರ್ಷ ಸೊಸೆಯನ್ನು ಬೈದ ಮುದುಕಿ, ಮೊರ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೇಳಿದಳು. ಅವನು ನೀರು ಕುಡಿಯಲು ನಿಲ್ಲಿಸಿದರೆ, "ಮುಂದ ಓದೋ, ನೀರೆಲ್ಲಿ ಓಡಿ ಹೊಕ್ಕಾವು" ಎಂದು ಗದರಿದಳು.

ಹೀಗೆ ಕಾದಂಬರಿ, ಕಾಳು, ನಳದ ನೀರು ಎಂದು ದಿನ ಹೋಗುತ್ತಾ ನಾಲ್ಕನೆಯ ಐತವಾರ ಬಂತು. ಐತವಾರ ಸಂಜೆ ನಾಲ್ಕಕ್ಕೆ ಟಿವಿಯಲ್ಲಿ ಕನ್ನಡ ಸಿನಿಮಾ. ಕಪ್ಪು-ಬಿಳುಪು ಟಿವಿ ಮನೆಗೆ ಬಂದು ಏಳು ವರ್ಷವಾಗಿದ್ದರೂ ಜಯಪಾಲ ಐತವಾರವೂ ಅಂಗಡಿಯಲ್ಲೇ ಇರುತ್ತಿದ್ದ. ಮೂರು ವಾರ ಕಾಲುನೋವು, ಕರೆಂಟು, ನೆಂಟರು ಎಂದು ತಪ್ಪಿತ್ತು. ಈ ಸಲ ಬಾಜೂ ಮನೆಯ ಶಿವಗಂಗವ್ವ ಚಾಪೆ ಸಮೇತ ಬಂದಳು. ಜಿನ್ನವ್ವ ತನ್ನ ಜಾಗ ಹಿಡಿದಳು. ಜಯಪಾಲನ ಕುರ್ಚಿಯೂ ಅಡುಗೆಮನೆಯಿಂದ ಪಡಸಾಲೆಗೆ ಬಂತು.

ಚಿಕ್ಕಂದಿನಲ್ಲಿ ಬೇರೆಯಾದ ಅಣ್ಣ ತಮ್ಮ, ಒಬ್ಬ ಪೋಲೀಸು, ಒಬ್ಬ ಕಳ್ಳ. ಇಂಥ ಕಥೆಯ ಕೊನೆ ಎಂಥದೆಂದು ಊರಿಗೆಲ್ಲ ಗೊತ್ತು, ಜಯಪಾಲನಿಗೆ ಗೊತ್ತಿರಲಿಲ್ಲ. ಅವನು ಕುರ್ಚಿಯ ತುದಿಗೆ ಬಂದು ಕುಳಿತ.

ನಾಲ್ಕೂವರೆಗೆ ಜಾಹೀರಾತು ಬಂದಾಗ ಭಕ್ತಿ ಹೇಳಿದಳು: "ಅಪ್ಪಾ, ಇಷ್ಟೊತ್ತಿಗೆ ಅವ್ವ ಎದ್ದು ಹೋಗ್ತಿದ್ಲು."

"ಎಲ್ಲಿಗೆ?"

"ಹಿಟ್ಟು ಕಲಸಾಕ."

"ಐದ ನಿಮಿಷ ತಡಿ."

ಐದಕ್ಕೆ ಇನ್ನೊಮ್ಮೆ ನೆನಪಿಸಿದಳು. "ಈ ಹಾಡೊಂದು ಮುಗೀಲಿ" ಎಂದ. ಹಾಡು ಮುಗಿಯುವಷ್ಟರಲ್ಲಿ ತಮ್ಮನ ಕೈಗೆ ಕೋಳ ಬಿದ್ದಿತ್ತು, ಅಂಥ ಹೊತ್ತಿನಲ್ಲಿ ಯಾರು ಏಳುತ್ತಾರೆ? ಹೊತ್ತು ನೋಡುವ ಜಿನ್ನವ್ವನೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಪರದೆಯನ್ನೇ ನೋಡುತ್ತಿದ್ದಳು.

ಆರಕ್ಕೆ ಐದು ನಿಮಿಷವಿದ್ದಾಗ ತ್ರಿಶಲಾ ಬಂದಳು. ಅಂದು ಅಂಗಡಿಯಲ್ಲಿ ಮೂರು ಲಗ್ನದ ಮಂದಿ. ಮುಂಜಾನೆ ಎಂಟಕ್ಕೆ ತಿಂದ ಅವಲಕ್ಕಿಯ ಮೇಲೆ ಆಕೆಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಊಟ ತಯಾರಿರುತ್ತದೆಂದು ನಂಬಿ, ಕಡೆಯ ಗಿರಾಕಿಯನ್ನೂ ಕಳಿಸಿ ಬಂದಿದ್ದಳು. ಕಾಲು ತೊಳೆದುಕೊಂಡು ನೇರವಾಗಿ ಅಡುಗೆಮನೆಗೆ ಹೋದಳು. ಪರಾತ ಒಣಗಿತ್ತು. ಹಂಚು ತಣ್ಣಗಿತ್ತು.

ಜಯಪಾಲನಿಗೆ ಆಗ ಎಚ್ಚರವಾಯಿತು. ಒಂದು ಕಾಲಲ್ಲಿ ಕುಂಟುತ್ತಾ ಬಾಗಿಲಿಗೆ ಬಂದ. "ಬಾಳಿಹಣ್ಣರ ತಿನ್ನು. ಅವಲಕ್ಕಿ ಐತಿ. ಮಸರೈತಿ."

ತ್ರಿಶಲಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮಾಳಿಗೆಗಳ ಆಚೆ ಬಿಸಿಲು ಹೋಗಿಬಿಟ್ಟಿತ್ತು. ಕೈಯಲ್ಲಿ ಅರ್ಧ ಕುಡಿದ ನೀರಿನ ಲೋಟವಿತ್ತು, ಅದನ್ನೂ ಕೆಳಗಿಟ್ಟಳು.

"ಆತಲ್ರಿ" ಎಂದಳು.

ಆಕೆ ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕೂಗಲಿಲ್ಲ. ಪಡಸಾಲೆಯ ಟಿವಿಯ ಮಾತು ಕೇಳಿಸಿಕೊಳ್ಳುತ್ತಲೇ ಮಕ್ಕಳಿಗೆ ನಾಲ್ಕು ರೊಟ್ಟಿ ಬಡಿದು ಕೊಟ್ಟಳು, ಅವರಿಗೆ ನೇಮವಿರಲಿಲ್ಲ. ಗಂಡನಿಗೂ ಬಡಿಸಿದಳು. ಅವನು ತಾಟು ಸರಿಸಿದ. ನಾಚಿಕೆಯಿಂದ ಸತ್ತಂತಾಗಿತ್ತು. ಜಿನ್ನವ್ವ ಜಪಮಾಲೆ ಹಿಡಿದು ಮೂಲೆ ಸೇರಿದ್ದಳು. ಅವಳೂ ಉಪವಾಸವೇ, ಆದರೆ ಮಧ್ಯಾಹ್ನ ಎರಡು ಉಂಡಿ ತಿಂದಿದ್ದಳು.

ಎಂಟಕ್ಕೆ ತ್ರಿಶಲಾ ಚಾಪೆಯ ಮೇಲೆ ಅಡ್ಡಾಗಿ, ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ಕಡೀಕ ಏನಾತು?"

"ಯಾವುದರ ಕಡೀಕ?"

"ಸಿನಿಮಾದ್ದು. ಅಣ್ಣಗ ತಮ್ಮ ಯಾರಂತ ಗೊತ್ತಾತೇನು?"

"ನನಗ ಗೊತ್ತಿಲ್ಲ. ನೀ ಬಂದ ಮ್ಯಾಲ ನಾ ನೋಡಲಿಲ್ಲ."

"ಗೊತ್ತಾತು, ಅವ್ವಾ" ಎಂದು ಭಕ್ತಿ ಹತ್ತಿರ ಬಂದು ಕುಳಿತಳು. ಕೋರ್ಟು, ತಾಯಿಯ ಸಾಕ್ಷಿ, ಗುಂಡೇಟು ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದಳು. ಅಭ್ಯಾಸವಿದ್ದ ಬಾಯಿ ಅದು. ಜಯಪಾಲ ಅದನ್ನು ಗಮನಿಸಿದ.

"ನೀ ದಿನಾ ಹಿಂಗ ಹೇಳ್ತೀಯೇನವಾ?" ಎಂದು ಆಮೇಲೆ ಮಗಳನ್ನು ಒಬ್ಬಳನ್ನೇ ಕರೆದು ಕೇಳಿದ.

"ಐತವಾರಕ್ಕೊಮ್ಮೆ. ಅವ್ವ ನಾಲ್ಕೂವರಿತನಕ ಅಷ್ಟ ನೋಡ್ತಾಳಲ್ಲ. ಟಿವಿ ಬಂದಾಗಿಂದ ಒಂದ ಸಿನಿಮಾನೂ ಪೂರಾ ನೋಡಿಲ್ಲಪ್ಪಾ ಅವ್ವ. ನಿಮ್ಮ ಡಬ್ಬಿ ಇರ್ತೈತಲ್ಲ."

ಮಾರನೆಯ ದಿನ ಮುಂಜಾನೆ ಚಹಾದ ಹೊತ್ತಿಗೇ ಜಿನ್ನವ್ವ ಶುರುಮಾಡಿದಳು. "ಅದಕ್ಕ ನಾ ಬ್ಯಾಡ ಅಂದಿದ್ನಿ. ಸೊಸಿ ಮನ್ಯಾಗಿದ್ರ ನಿನ್ನಿ ಹಂಗ ಆಗ್ತಿತ್ತೇನು?"

"ಇಲ್ರಿ ಅತ್ತಿ, ಆಗ್ತಿರಲಿಲ್ಲ" ಎಂದಳು ತ್ರಿಶಲಾ, ಬುತ್ತಿ ಕಟ್ಟಿಕೊಳ್ಳುತ್ತಾ. "ನೀವೂ ಉಂಡಿರ್ತಿದ್ರಿ, ಸಿನಿಮಾನೂ ನೋಡಿರ್ತಿದ್ರಿ. ನಾ ಒಲಿ ಮುಂದ ಇರ್ತಿದ್ನಿ."

ಜಿನ್ನವ್ವ ಚಹಾ ಊದುತ್ತಾ ಕುಳಿತಳು. ಆ ದಿನ ಮಧ್ಯಾಹ್ನವೆಲ್ಲ ಆಕೆ ಸೊಸೆಯ ಹೆಸರು ಕೂಗಲಿಲ್ಲ. ಜಯಪಾಲ ಎಣಿಸಲು ಕಾದು ಕಾದು ಬಿಟ್ಟ.

ಆರನೆಯ ವಾರ ಶುಕ್ರವಾರ ಗೋಕಾಕದಲ್ಲಿ ಪ್ಲಾಸ್ಟರ್ ಬಿಚ್ಚಿದರು. ಕಾಲು ತೆಳ್ಳಗೆ, ಬೆಳ್ಳಗೆ, ಬೇರೆಯವರದೆಂಬಂತೆ ಕಾಣುತ್ತಿತ್ತು. ಕೋಲು ಹಿಡಿದು ನಡೆಯಬಹುದೆಂದರು. ವಾಪಸು ಬರುವಾಗ ಬಸ್ಸಿನಲ್ಲಿ ತ್ರಿಶಲಾ ಕಿಟಕಿಯಾಚೆ ಕಬ್ಬಿನ ಗಾಡಿಗಳನ್ನೇ ನೋಡುತ್ತಿದ್ದಳು. ಕೇಳುವುದನ್ನು ಅವಳು ಆಗಲೇ ಕೇಳಿಯಾಗಿತ್ತು, ಹೇಳಬೇಕಾದವನು ಅವನು. ಅವನಿಗೆ ಬಾಯಿ ಬರಲಿಲ್ಲ. ಮನೆಯಲ್ಲಿ ತಾಯಿಯಿದ್ದಳು, ಬಜಾರದಲ್ಲಿ ಮಂದಿಯಿದ್ದರು, ಹದಿನೆಂಟು ವರ್ಷದ ಗಾದಿ ಅವನದಾಗಿತ್ತು. ಶನಿವಾರ ತ್ರಿಶಲಾ ಎಂದಿನಂತೆ ಅಂಗಡಿಗೆ ಹೋದಳು. ಐತವಾರವೂ ಹೋದಳು.

ಐತವಾರ ಜಯಪಾಲ ಮಧ್ಯಾಹ್ನ ಎರಡಕ್ಕೇ ಒಲೆ ಹಚ್ಚಿದ. ರೊಟ್ಟಿ, ಹೆಸರುಕಾಳು, ಮೆಂತ್ಯದ ಪಲ್ಯ, ಅನ್ನ, ಬೇಳೆ. ಮೂರಕ್ಕೆಲ್ಲ ಮುಗಿಸಿ ಅರಿವೆ ಮುಚ್ಚಿಟ್ಟ.

"ಇಷ್ಟ ಲಗೂನ ಯಾಕೋ?" ಎಂದಳು ಜಿನ್ನವ್ವ.

"ನಾ ಅಂಗಡಿಗೆ ಹೋಗ್ತೇನಿ. ಅಕಿನ್ನ ಮನಿಗೆ ಕಳಸ್ತೇನಿ. ಇವತ್ತ ಪೂರಾ ಸಿನಿಮಾ ನೋಡ್ಲಿ."

ಜಿನ್ನವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದಳು.

ಕೋಲೂರಿಕೊಂಡು ಬಂದ ಗಂಡನನ್ನು ಕಂಡು ತ್ರಿಶಲಾಳ ಮುಖ ಇಳಿಯಿತು. "ಬಂದ್ರೇನು?" ಎಂದು ಗಾದಿಯಿಂದ ಎದ್ದಳು. ಅಂಗಡಿ ಅವನು ಮರಳಿ ತೆಗೆದುಕೊಳ್ಳಲು ಬಂದನೆಂದೇ ತಿಳಿದಳು. ಅವನು ಸಿನಿಮಾದ ವಿಷಯ ಹೇಳಿದ. ಆಕೆ ನಂಬದೆ ಎರಡು ಸಲ "ರೊಟ್ಟಿ?" ಎಂದು ಕೇಳಿ ಹೊರಟಳು.

ಆರು ವಾರದಲ್ಲಿ ಅಂಗಡಿ ಬದಲಾಗಿತ್ತು. ದೊಡ್ಡವು ಕೆಳಗೆ, ದಿನಬಳಕೆಯವು ಕೈಗೆ ಸಿಗುವಂತೆ. ಅಟ್ಟದ ಮೇಲೆ ಹಗುರವಾದ ಬುಟ್ಟಿಗಳನ್ನಷ್ಟೇ ಇಟ್ಟಿದ್ದಳು. ಇದು ತನಗೇಕೆ ಹೊಳೆಯಲಿಲ್ಲ ಎಂದು ಅವನು ಬೆರಗಾಗಿ ನೋಡುತ್ತಿರುವಾಗ ಕುಲಗೋಡದ ಹೆಂಗಸೊಬ್ಬಳು ಮಗಳೊಂದಿಗೆ ಒಳಗೆ ಬಂದಳು.

"ಅಕ್ಕಾರ ಇಲ್ಲೇನ್ರಿ?"

"ನಾ ಇದ್ದೇನಲ್ಲ. ಏನ್ ಬೇಕ್ರಿ?"

"ಇಕಿನ್ನ ಹದಿನೈದು ಮಂದಿ ಇರೂ ಮನಿಗೆ ಕೊಡಾಕತ್ತೇವ್ರಿ. ಅನ್ನಕ್ಕ ಎಷ್ಟ ದೊಡ್ಡ ಪಾತೇಲಿ ಬೇಕು, ಯಾವ್ದು ತಳ ಹಿಡಿಯೂದಿಲ್ಲ, ಅದನ್ನ ಕೇಳಬೇಕಿತ್ತು."

ಐದು ಮಂದಿಗೆ ಎಷ್ಟು ಬೇಕೆಂದು ಜಯಪಾಲನಿಗೆ ಈಗ ಗೊತ್ತಿತ್ತು. ಮೂರರಿಂದ ಗುಣಿಸಿ ಒಂದು ಪಾತೇಲಿ ತೆಗೆದಿಟ್ಟ. ಹೆಂಗಸು ಅದನ್ನು ಬೆರಳಿನಿಂದ ಬಡಿದು ನೋಡಿ ನಯವಾಗಿ ಪಕ್ಕಕ್ಕೆ ಸರಿಸಿದಳು.

"ಅಕ್ಕಾರ ಇದ್ದಾಗ ಬರ್ತೇವ್ರಿ. ನಾಳಿ ಇರ್ತಾರಲ್ಲ?"

"ಇರ್ತಾಳ" ಎಂದ ಜಯಪಾಲ. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ತಿಳಿಯಿತು. ಇಷ್ಟು ದಿನ ಹೊರಳದಿದ್ದ ನಾಲಿಗೆ ಗಿರಾಕಿಯ ಮುಂದೆ ಹೊರಳಿತ್ತು. ಇನ್ನು ಹಿಂತೆಗೆದುಕೊಳ್ಳುವ ಮನಸ್ಸೂ ಅವನಿಗಾಗಲಿಲ್ಲ.

ಐದೂವರೆಗೆ ಬೀಗ ಹಾಕಿ ಮನೆಗೆ ಬಂದ. ಆ ಮನೆಯಲ್ಲಿ ಊಟದ ತಾಟು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈಗ ಪಡಸಾಲೆಯಲ್ಲಿ ಟಿವಿಯ ಮುಂದೆ ಸಾಲಾಗಿ ತಾಟುಗಳಿದ್ದವು. ಜಿನ್ನವ್ವ ನೋಯುವ ಹೆಗಲು ಓರೆ ಮಾಡಿಕೊಂಡು ಬಡಿಸುತ್ತಿದ್ದಳು. ತ್ರಿಶಲಾ ಪರದೆಯಿಂದ ಕಣ್ಣು ಕೀಳದೆ ರೊಟ್ಟಿ ಮುರಿಯುತ್ತಿದ್ದಳು.

"ಅವ್ವ ಮೂರ ಸಲ ಎದ್ಲು, ಅಪ್ಪಾ" ಎಂದು ಭಕ್ತಿ ಅಜ್ಜಿಯ ಕಡೆ ನೋಡುತ್ತಾ ಪಿಸುಗುಟ್ಟಿದಳು. "ಮೂರೂ ಸಲ ಆಯಿ ಸೀರಿ ಹಿಡದು ಕುಂದ್ರಿಸಿದ್ಲು."

"ನೀನೂ ಕುಂದರೋ, ಹೊತ್ತು ಹೊಂಟೈತಿ" ಎಂದಳು ಜಿನ್ನವ್ವ.

ಸಿನಿಮಾ ಮುಗಿದದ್ದು ಏಳರ ಸುಮಾರಿಗೆ. ಕೊನೆಗೆ ಚಿತ್ರದವರೆಲ್ಲ ಒಂದು ದೊಡ್ಡ ಮನೆಯ ಮೆಟ್ಟಿಲ ಮೇಲೆ ನಗುತ್ತಾ ನಿಂತರು.

"ಹೆಂಗಿತ್ತು?" ಎಂದ ಜಯಪಾಲ.

"ಇಷ್ಟ ಏನ್ರಿ ಕಡೀಕ?" ಎಂದಳು ತ್ರಿಶಲಾ. "ಏಳು ವರ್ಷ ರೊಟ್ಟಿ ಬಡಿಕೋತ ನಾ ಮನಸಿನ್ಯಾಗ ಎಂತೆಂಥಾ ಕಡೀ ಕಟ್ಟಿದ್ನಿ. ಇದಕ್ಕಿಂತ ಅವ ಚಲೋ ಇದ್ವು. ಬರೂ ಐತವಾರ ನೀವ ನೋಡ್ರಿ. ನನಗ ಅಂಗಡಿಯೊಳಗ ಕೆಲಸ ಐತಿ."

"ಮುಂಜಾನಿ ನಾ ತಗೀತೇನಿ" ಎಂದ ಜಯಪಾಲ ನಿಧಾನವಾಗಿ. "ಮಧ್ಯಾಹ್ನದಿಂದ ನೀ ಕುಂದರು. ನಾಳಿ ಕುಲಗೋಡದಾಕಿ ನಿನ್ನ ಕೇಳ್ಕೊಂಡು ಬರ್ತಾಳ, ಬರಾಕ ಹೇಳೇನಿ. ಸಂಜೀ ಅಡಿಗಿ ನಂದು."

ತ್ರಿಶಲಾ ಅಂಗಡಿಯ ಕೀಲಿಗಾಗಿ ಕೈ ಚಾಚಿದಳು. ಜಯಪಾಲ ಕಿಸೆಗೆ ಕೈ ಹಾಕಿದವನು ತಡೆದು, ತಾಯಿಯ ಕಡೆ ನೋಡಿದ.

"ನನ್ನ ಮಾರಿ ಯಾಕ ನೋಡ್ತಿ?" ಎಂದಳು ಜಿನ್ನವ್ವ. "ಅವತ್ತ ಉಪಾಸ ಮಲಗಿದಾಕಿ ಅಕಿ. ಸಿನಿಮಾ ನೋಡ್ಕೋತ ಕುಂತಾವ್ರು ನಾವಿಬ್ರು. ಕೊಡು."

ಜಯಪಾಲ ಕೊಟ್ಟ.